ಸೋಪು, ಇತ್ಯಾದಿ

ಈ ಮೂಲಕ ಸಮಸ್ತ ನಾಗರಿಕರಿಗೂ, ನೆರೆಹೊರೆಯವರಿಗೂ, ಹಿತೈಷಿಗಳಿಗೂ, ಹಿತೈಷಿಗಳಂತೆ ಕಾಣುವವರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಮಕ್ಕಳ ಆಶ್ರಯಮನೆಯ ಬಚ್ಚಲಿನ ಬಾಗಿಲಿಗೆ ಒಳಗಡೆಯಿಂದ ಒಂದು ಕೊಕ್ಕೆ ಬಿದ್ದಿದೆ.

ಹಿತ್ತಾಳೆಯದು. ಹೊಳೆಯುತ್ತದೆ. ಹಾಕಿಸಿದ ದಿನ ಫೋಟೋ ತೆಗೆದರು. ಕೊಕ್ಕೆಯ ಪಕ್ಕ ದೊಡ್ಡಣ್ಣ ನಿಂತಿದ್ದ, ಕೊಕ್ಕೆಗಿಂತ ಹೆಚ್ಚು ಹೊಳೆಯುತ್ತಾ. ಅಲ್ಲಿಯವರೆಗೆ ಮಕ್ಕಳು ಒಂದು ಕಾಲನ್ನು ಬಾಗಿಲಿಗೆ ಒತ್ತಿಕೊಂಡೇ ಸ್ನಾನ ಮಾಡುತ್ತಿದ್ದರು. ಕಾಲು ಸೋತವರು ಸ್ನಾನ ಬಿಡುತ್ತಿದ್ದರು.

ದೊಡ್ಡಣ್ಣ ಅಂದರೆ ನಮ್ಮ ಆಡಳಿತಾಧಿಕಾರಿ. ಇಲ್ಲಿ ಸಾಹೇಬರು ಅಂತ ಯಾರೂ ಇಲ್ಲ, ಎಲ್ಲರೂ ಒಂದೇ ಕುಟುಂಬ ಅನ್ನುವುದು ಅವನ ಆಜ್ಞೆ. ಹಾಗಾಗಿ ಅವನು ದೊಡ್ಡಣ್ಣ, ಅವನ ಹೆಂಡತಿ ಅತ್ತಿಗೆ. ಕುಟುಂಬ ಅಂದಮೇಲೆ ರಜೆ ಕೇಳುವ ಹಾಗಿಲ್ಲ. ತಾಯಿ ಎಲ್ಲಾದರೂ ರಜೆ ಕೇಳುತ್ತಾಳಾ ಅಂತ ಅವನು ಕೇಳುತ್ತಾನೆ. ನಾನು ಈ ಕುಟುಂಬದ ಅಡುಗೆಯವಳು.

ಕೊಕ್ಕೆ ಬಿದ್ದದ್ದು ಪ್ರಮಾಣಪತ್ರಕ್ಕಾಗಿ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆ ಸುರಕ್ಷಿತವೋ ಅಲ್ಲವೋ ಎಂದು ಪರಿಶೀಲಿಸಿ ಪತ್ರ ಕೊಡುವ ಮಂಡಳಿ ಒಂದಿದೆ. ಆ ಪತ್ರ ಗೋಡೆಗೆ ಏರಿದರೆ ದೊಡ್ಡ ದಾನಿಗಳು ಮೆಟ್ಟಿಲು ಏರುತ್ತಾರೆ. ಮೂರು ಅಂತಸ್ತಿನ ಹೊಸ ಕಟ್ಟಡದ ನಕ್ಷೆ ಆಗಲೇ ದೊಡ್ಡಣ್ಣನ ಮೇಜಿನ ಗಾಜಿನ ಕೆಳಗೆ ಮಲಗಿತ್ತು. ಅದರಲ್ಲಿ ಅವನ ಕೋಣೆಗೆ ಎರಡು ಕಿಟಕಿ, ಒಂದು ಬಾಲ್ಕನಿ. ಮಕ್ಕಳ ಕೋಣೆಯ ಮೇಲೆ ‘ವಿವರ ನಂತರ’ ಎಂದು ಬರೆದಿತ್ತು.

ಸಿಬ್ಬಂದಿಗೆ ಸುರಕ್ಷತಾ ತರಬೇತಿ ಆಗಿರಬೇಕು ಎನ್ನುವುದು ಮಂಡಳಿಯ ನಿಯಮ. ಆಗಿರಲಿಲ್ಲ. ಅದಕ್ಕೆ ನಮ್ಮ ಗುಮಾಸ್ತನಿದ್ದ. ಇವತ್ತಿನ ಕೆಲಸಕ್ಕೆ ಹಿಂದಿನ ತಾರೀಖು ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬೆಂಕಿ ನಂದಿಸುವ ಅಭ್ಯಾಸ, ಮಕ್ಕಳ ವೈದ್ಯ ತಪಾಸಣೆ, ಎಲ್ಲವೂ ಅವನ ಕೈಯಲ್ಲಿ ಹೋದ ವರ್ಷವೇ ನಡೆದುಹೋಗಿರುತ್ತವೆ. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತರಬೇತಿಯ ಹಾಜರಿಗೆ ಸಹಿ ಹಾಕಿಸಿಕೊಂಡ.

“ಪೆನ್ನು ಬದಲಾಯಿಸ್ತಾ ಇರಿ,” ಅಂದ. “ಎಲ್ಲಾ ಒಂದೇ ನೀಲಿ ಆದ್ರೆ ಚೆನ್ನಾಗಿರಲ್ಲ.”

“ತರಬೇತಿ ಹೆಂಗಿತ್ತು ಅಂತ ಕೇಳಿದ್ರೆ?” ಎಂದೆ.

“ಉಪಯುಕ್ತವಾಗಿತ್ತು ಅನ್ನಿ.”

“ಊಟ ಹಾಕಿದ್ರಾ ಅಂದ್ರೆ?”

“ಅಡುಗೆಯವರು ನೀವೇ ತಾನೆ. ನೀವೇ ಹಾಕಿದ್ರಿ.”

ಹೀಗೆ ನಾನು ತರಬೇತಿಯನ್ನೂ ಪಡೆದೆ, ತರಬೇತಿಗೆ ಅಡುಗೆಯನ್ನೂ ಮಾಡಿದೆ. ಎರಡೂ ನನಗೆ ಸ್ವಲ್ಪ ತಡವಾಗಿ ತಿಳಿಯಿತು.

ಆ ಸಾಲಿನಲ್ಲಿ ಬಟ್ಟೆಯತ್ತೆ ಇರಲಿಲ್ಲ. ಅವಳನ್ನು ಯಾರೂ ಕರೆಯಲಿಲ್ಲ. ಬಟ್ಟೆ ಒಗೆಯುವವಳು, ಮಕ್ಕಳ ಬಾಯಲ್ಲಿ ಬಟ್ಟೆಯತ್ತೆ. ಅವಳು ಸಿಬ್ಬಂದಿಯಲ್ಲ. ಅವಳ ಕೂಲಿ ಬರುವುದು ‘ಸೋಪು, ಇತ್ಯಾದಿ’ ಎಂಬ ತಲೆಬರಹದ ಕೆಳಗೆ. ಸೋಪು ಸೋಪೇ. ಇತ್ಯಾದಿ ಅವಳು.

ಹಿತ್ತಲಿನ ಷೆಡ್ಡಿನಲ್ಲಿ ಎರಡು ಸಿಮೆಂಟು ತೊಟ್ಟಿ, ಒಂದು ಒಗೆಯುವ ಕಲ್ಲು, ಒಂದು ಚಾಪೆ. ತೊಟ್ಟಿಯಲ್ಲಿ ದುಡಿಮೆ, ಚಾಪೆಯಲ್ಲಿ ಸಂಸಾರ. ಮನೆಯ ಅಷ್ಟೂ ಮಕ್ಕಳ ಅಂಗಿ, ಹಾಸು, ಹೊದಿಕೆ ಅವಳ ಎರಡು ಕೈಯಲ್ಲಿ. ಬ್ಲೀಚಿನ ಪುಡಿ ಬೆರಳಿನ ಬಿರುಕಿಗೆ ಇಳಿಯುತ್ತದೆ. ಅವಳು ತುಟಿ ಕಚ್ಚಿಕೊಂಡು ಹಿಂಡುತ್ತಾಳೆ. ಎರಡು ಉಗುರು ಉದುರಿಹೋಗಿವೆ. ಬಾಗಿದ ಬೆನ್ನು ನೆಟ್ಟಗಾಗಬೇಕಾದರೆ ಮೊದಲು ಗೋಡೆ ಹಿಡಿಯಬೇಕು, ಆಮೇಲೆ ಉಸಿರು ಹಿಡಿಯಬೇಕು. ಹಾಸು ಒಗೆಯುವವಳಿಗೆ ಮನೆಯ ಗುಟ್ಟು ತಿಳಿಯುತ್ತದೆ. ಯಾವ ಮಗು ಹೆದರಿದೆ ಅಂತ ಹಾಸೇ ಹೇಳುತ್ತದೆ.

ಹಾಸಿಗೆ ಒದ್ದೆ ಮಾಡಿದ ಮಗುವಿಗೆ ಈ ಮನೆಯಲ್ಲಿ ಒಂದು ಶಿಕ್ಷೆ ಇತ್ತು. ಮೆಟ್ಟಿಲ ಕೆಳಗಿನ ಸಾಮಾನು ಕೋಣೆ. ಒದ್ದೆ ಹಾಸನ್ನೇ ಮಗುವಿಗೆ ಹೊದಿಸಿ ಒಳಗೆ ಬಿಟ್ಟು ಹೊರಗಿನಿಂದ ಚಿಲಕ. ಹಾಸು ಒಣಗಿದ ಮೇಲೆ ಬಿಡುಗಡೆ. ಆ ಕೋಣೆಗೆ ಕಿಟಕಿಯಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಹಾಸು ಎಷ್ಟು ಹೊತ್ತಿಗೆ ಒಣಗುತ್ತದೆ ಅಂತ ನೀವೇ ಯೋಚಿಸಿ.

ಪ್ರಮಾಣಪತ್ರದ ಸಡಗರದಲ್ಲಿ ಆ ಬಾಗಿಲಿನ ಮೇಲೆ ಚಿಟ್ಟೆಗಳನ್ನು ಬರೆಸಿದರು. ಮೇಲೊಂದು ಹಲಗೆ ನೇತುಹಾಕಿದರು: ಶಾಂತಿ ಮೂಲೆ. ಚಿಲಕ ಮಾತ್ರ ತೆಗೆಯಲಿಲ್ಲ. ಅದಕ್ಕೆ ಹಳದಿ ಬಳಿದು, ಆಚೆ ಈಚೆ ರೆಕ್ಕೆ ಬಿಡಿಸಿ, ಚಿಲಕವನ್ನೇ ದೊಡ್ಡ ಚಿಟ್ಟೆಯ ಮೈ ಮಾಡಿದರು.

ಆ ಕೋಣೆಯನ್ನು ಹೆಚ್ಚು ಕಂಡವಳು ಗುಂಡುಸೂಜಿ. ಏಳು ವರ್ಷದ ಹುಡುಗಿ. ಅಪ್ಪ ಅಮ್ಮ ಇಲ್ಲ. ತೆಳ್ಳಗೆ, ನೆಟ್ಟಗೆ, ಮಾತು ಚೂಪು. ಒಮ್ಮೆ ದಾನಿಯೊಬ್ಬರು “ಇಲ್ಲಿ ಖುಷಿಯಾಗಿದ್ದೀಯಾ ಮಗು” ಎಂದು ಗಲ್ಲ ಹಿಡಿದು ಕೇಳಿದರೆ “ನೀವು ಬಂದಾಗ ಇರ್ತೀವಿ” ಎಂದಿದ್ದಳು. ಅವತ್ತು ಅವಳ ಹಾಸು ಒಣಗಿಯೇ ಇತ್ತು. ಆದರೂ ಕೋಣೆಗೆ ಹಾಕಿದರು.

ಬಟ್ಟೆಯತ್ತೆ ಇದನ್ನು ಹೇಳದೆ ಬಿಟ್ಟವಳಲ್ಲ. ಮೊದಲು ದೊಡ್ಡಣ್ಣನಿಗೇ ಹೇಳಿದಳು. “ನಿಂದು ಬಟ್ಟೆ ಕೆಲಸ. ಬಾಯಿ ಕೆಲಸ ಅಲ್ಲ,” ಎಂದ. ಆಮೇಲೆ ಅತ್ತಿಗೆಗೆ ಹೇಳಿದಳು, ಯಾಕೆಂದರೆ ಮಕ್ಕಳ ರಕ್ಷಣಾ ಅಧಿಕಾರಿ ಅಂತ ಅತ್ತಿಗೆಯ ಫೋಟೋ ಗೋಡೆಯ ಮೇಲಿತ್ತು. ಅತ್ತಿಗೆ ಫೋಟೋದಲ್ಲಿ ನಕ್ಕ ಹಾಗೇ ನಕ್ಕು ಒಳಗೆ ಹೋದಳು. ಕೊನೆಗೆ ಟ್ರಸ್ಟಿಗಳ ಸಭೆಗೆ ನುಗ್ಗಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, ಹೋಗುವಾಗ ಲೋಟಗಳನ್ನು ತೊಳೆಯಲು ತೆಗೆದುಕೊಂಡು ಹೋಗು ಎಂದರು. ಮೂರು ಸಲವೂ ನಾನು ಅಲ್ಲೇ ಇದ್ದೆ. ತಟ್ಟೆ ಲೋಟ ಹಿಡಿದವಳನ್ನು ಯಾವ ಸಭೆಯೂ ಹೊರಗೆ ಕಳಿಸುವುದಿಲ್ಲ.

ಪರಿಶೀಲನೆಯ ದಿನ ಬೆಳಿಗ್ಗೆ ಗುಂಡುಸೂಜಿಯ ಹಾಸು ಒದ್ದೆಯಾಗಿತ್ತು. ಹಿಂದಿನ ದಿನವೆಲ್ಲ ಮಕ್ಕಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದರು. ತಪ್ಪಿದರೆ ಏನಾಗುತ್ತದೆ ಎನ್ನುವುದನ್ನೂ ಹೇಳಿಕೊಟ್ಟಿದ್ದರು. ನಿದ್ದೆಯಲ್ಲಿ ಉತ್ತರ ಮರೆತುಹೋಗಿತ್ತು, ಎಚ್ಚರಿಕೆ ನೆನಪಿತ್ತು.

ದೊಡ್ಡಣ್ಣ ಅವಳ ರಟ್ಟೆ ಹಿಡಿದು ಮೆಟ್ಟಿಲ ಕೆಳಗೆ ತಂದ. ಇನ್ನೊಂದು ಕೈಯಲ್ಲಿ ಹಾಸು, ಮೈಗೆ ತಾಗದಂತೆ ದೂರಕ್ಕೆ ಹಿಡಿದಿದ್ದ. ಚಿಟ್ಟೆಯ ಬಾಗಿಲ ಮುಂದೆ ಬಟ್ಟೆಯತ್ತೆ ನಿಂತಿದ್ದಳು. ಮೊಣಕೈವರೆಗೆ ನೊರೆ.

“ಇವತ್ತೊಂದಿನ ಬಿಡಿ ಅವಳನ್ನ.”

“ಇವತ್ತೇ ಬಿಡಕ್ಕಾಗಲ್ಲ. ಬಂದವರ ಮುಂದೆ ಇವಳು ಬಾಯಿ ಬಿಟ್ರೆ ಕಟ್ಟಡ ಹೋಯ್ತು.”

“ಹಾಸಾದ್ರೂ ಕೊಡಿ. ಒಗೆದುಬಿಡ್ತೀನಿ.”

“ಹಾಸು ಇವಳ ಜೊತೆನೇ ಇರುತ್ತೆ. ನೀನು ಷೆಡ್ಡಿಗೆ ಹೋಗು. ಅವರು ಹೋಗೋತನಕ ಈ ಕಡೆ ತಲೆ ಹಾಕ್ಬೇಡ. ನಿನ್ನ ಕೈ ನೋಡಿದ್ರೆ ಜನ ಹೆದರ್ತಾರೆ.”

ಬಟ್ಟೆಯತ್ತೆ ತನ್ನ ಕೈಯನ್ನು ನೋಡಿಕೊಂಡಳು. “ಇಲ್ಲಿಗೆ ಬರೋವಾಗ ಚೆನ್ನಾಗೇ ಇತ್ತು,” ಎಂದಳು.

ಗುಂಡುಸೂಜಿ ಅಳುತ್ತಿರಲಿಲ್ಲ. ಅಳು ಹೊರಗೆ ಬರದಂತೆ ಕತ್ತನ್ನು ಒಳಗೆಳೆದುಕೊಂಡಿದ್ದಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು.

ಆಗ ಬಟ್ಟೆಯತ್ತೆ ತಲೆ ತಗ್ಗಿಸಿ ಆ ಕೋಣೆಯೊಳಗೆ ತಾನೇ ಹೋದಳು. ಗೋಣಿಚೀಲಗಳ ಮಧ್ಯೆ ಕೂತು ಕೈ ಚಾಚಿದಳು. “ಬಾ ಮಗಳೆ.”

“ನಿಂಗೇನು ತಲೆ ಕೆಟ್ಟಿದೆಯಾ?” ಎಂದ ದೊಡ್ಡಣ್ಣ.

“ಅವಳು ಒಬ್ಬಳೇ ಇರಲ್ಲ. ನೀವು ಚಿಲಕ ಹಾಕ್ಕೊಳ್ಳಿ.”

ಹೊರಗೆ ಕಾರಿನ ಬಾಗಿಲು ಬಡಿಯಿತು. ದೊಡ್ಡಣ್ಣನಿಗೆ ಜಗಳಕ್ಕೆ ಪುರುಸೊತ್ತಿರಲಿಲ್ಲ. ಹುಡುಗಿಯನ್ನು ಒಳಗೆ ತಳ್ಳಿ, ಹಾಸನ್ನು ಎಸೆದು, “ಹಂಗಾದ್ರೆ ಅವಳ ಬಾಯಿ ನೀನೇ ಮುಚ್ಚು,” ಎಂದು ಚಿಟ್ಟೆಯ ಮೈಯನ್ನು ಎಳೆದ. ತಿರುಗುವಷ್ಟರಲ್ಲಿ ಮುಖದಲ್ಲಿ ನಗು ಬಂದಿತ್ತು. ಆ ವಿಷಯದಲ್ಲಿ ಅವನು ಬಹಳ ಚುರುಕು.

ಮಂಡಳಿಯಿಂದ ಬಂದ ಪರಿಶೀಲಕಿ ಚಿಕ್ಕ ವಯಸ್ಸಿನಾಕೆ. ಬೆನ್ನಿಗೆ ಚೀಲ, ಕೈಯಲ್ಲಿ ಕ್ಲಿಪ್ಪು ಹಾಕಿದ ಹಲಗೆ, ಹಲಗೆಯ ಮೇಲೆ ದಪ್ಪನೆಯ ಪ್ರಶ್ನೆಪಟ್ಟಿ. ಚಹಾದ ತಟ್ಟೆ ಹಿಡಿದು ನಾನು ಹಿಂದೆಯೇ ನಡೆದೆ. ಬಚ್ಚಲಿನ ಕೊಕ್ಕೆ ನೋಡಿದಳು, ಸರಿ ಗುರುತು. ತರಬೇತಿಯ ಹಾಜರಿ ನೋಡಿದಳು, ಸರಿ ಗುರುತು. ಅತ್ತಿಗೆಯ ಫೋಟೋ ನೋಡಿದಳು, ಅದಕ್ಕೂ ಸರಿ ಗುರುತು. ಮಕ್ಕಳು ಬಾಯಿಪಾಠ ಒಪ್ಪಿಸಿದರು. ಒಬ್ಬ ಪೋರ ಗಾಬರಿಯಲ್ಲಿ ಪ್ರಶ್ನೆ ಕೇಳುವ ಮುಂಚೆಯೇ ಉತ್ತರ ಕೊಟ್ಟ.

ಮೆಟ್ಟಿಲ ಕೆಳಗೆ ಬಂದಾಗ ಆಕೆ ನಿಂತಳು. “ಇದೇನು?”

“ಶಾಂತಿ ಮೂಲೆ ಮೇಡಂ. ಮಕ್ಕಳು ಮನಸ್ಸು ಹಗುರ ಮಾಡ್ಕೊಳ್ಳೋ ಜಾಗ.”

“ಚಿಲಕ ಹೊರಗಿದೆಯಲ್ಲ.”

“ಕಟ್ಟಡದ ನಕ್ಷೆಯಲ್ಲಿ ಇದು ಸಾಮಾನು ಕೋಣೆ. ಸಾಮಾನು ಕೋಣೆಗೆ ಮಕ್ಕಳ ಕೈಗೆ ಎಟುಕದ ಹಾಗೆ ಚಿಲಕ ಇರಬೇಕು ಅಂತ ನಿಮ್ಮದೇ ನಿಯಮ.”

ಆಕೆ ಹಾಳೆ ತಿರುವಿದಳು. ನಿಯಮ ಇತ್ತು. ಸರಿ ಗುರುತು ಹಾಕಿದಳು. ಬಾಗಿಲಿನ ಆಚೆ ಇಬ್ಬರು ಉಸಿರು ಬಿಗಿಹಿಡಿದಿದ್ದರು, ಈಚೆ ನಾನು. ಪರಿಶೀಲಕಿ ಒಂದು ಹೆಜ್ಜೆ ಮುಂದಿಟ್ಟಳು. ದೊಡ್ಡಣ್ಣ ಕೈಚಾಚಿ ದಾರಿ ತೋರಿಸಿದ.

ಒಳಗೆ ಯಾರೋ ಕೆಮ್ಮಿದರು.

“ಯಾರಿದ್ದಾರೆ?”

“ಯಾರೂ ಇಲ್ಲ ಮೇಡಂ. ಬರೀ ಶಾಂತಿ.”

“ಶಾಂತಿಗೆ ಕೆಮ್ಮು ಬಂದಿದೆ,” ಎಂದು ಪರಿಶೀಲಕಿ ತಾನೇ ಚಿಲಕ ಎಳೆದಳು.

ಬೆಳಕು ಒಳಗೆ ಬಿತ್ತು. ಬಟ್ಟೆಯತ್ತೆ ಗೋಡೆಗೆ ಒರಗಿ ಕೂತಿದ್ದಳು. ತನ್ನ ಒಣ ಶಾಲನ್ನು ಹುಡುಗಿಗೆ ಸುತ್ತಿ, ಒದ್ದೆ ಹಾಸನ್ನು ತಾನು ಹೊದ್ದಿದ್ದಳು. ಇಬ್ಬರೂ ಕಣ್ಣು ಕಿರಿದು ಮಾಡಿದರು. ನಾತ ಹೊರಗೆ ಬಂತು. ದೊಡ್ಡಣ್ಣ ಕರವಸ್ತ್ರ ತೆಗೆದ.

ಪರಿಶೀಲಕಿ ಮಂಡಿಯೂರಿದಳು. “ಒಳಗೆ ಯಾಕಿದ್ದೆ ಪುಟ್ಟಾ?”

“ಹಾಸು ಒಣಗ್ಬೇಕಲ್ಲ,” ಎಂದಳು ಗುಂಡುಸೂಜಿ.

“ಯಾರು ಹಾಕಿದ್ದು?”

ಹುಡುಗಿ ಬೆರಳು ಎತ್ತಿದಳು. ಬೆರಳು ನೇರವಾಗಿ ದೊಡ್ಡಣ್ಣನ ಹೊಟ್ಟೆಗೆ ಗುರಿಯಿಟ್ಟಿತ್ತು.

ಪರಿಶೀಲಕಿಯ ಪೆನ್ನು ಹಾಳೆಯ ಮೇಲೆ ಅಲೆದಾಡಿತು, ಎಲ್ಲೂ ಇಳಿಯಲಿಲ್ಲ. “ಮಗುವಿನ ದೂರಿಗೆ ಪೋಷಕರ ಸಹಿ ಬೇಕು. ಇವಳ ಪೋಷಕರು ಯಾರು?”

“ಸಂಸ್ಥೆ,” ಎಂದ ದೊಡ್ಡಣ್ಣ. “ಅಂದ್ರೆ ನಾನು. ನನ್ನ ಮೇಲಿನ ದೂರಿಗೆ ನಾನು ಸಹಿ ಹಾಕಲ್ಲ.”

“ನಾನು ಹೇಳ್ತೀನಿ, ಬರ್ಕೊಳ್ಳಿ,” ಎಂದಳು ಬಟ್ಟೆಯತ್ತೆ. ಗೋಡೆ ಹಿಡಿದು ಎದ್ದಳು. ಹೇಳಿದಳು. ಯಾವ ಮಗು, ಎಷ್ಟು ಹೊತ್ತು, ಯಾರಿಗೆ ಜ್ವರ ಬಂತು, ಯಾರು ಒಳಗೇ ಮೂರ್ಛೆ ಹೋದರು, ಎಲ್ಲ. ದನಿ ಏರಿಸಲಿಲ್ಲ. ಪರಿಶೀಲಕಿ ಕೊನೆಯವರೆಗೂ ಕೇಳಿದಳು.

“ನೀವು ಇಲ್ಲಿನ ಸಿಬ್ಬಂದಿನಾ?”

“ಹೊರಗಿನವಳು,” ದೊಡ್ಡಣ್ಣ ನಡುವೆ ಬಂದ. “ಬಟ್ಟೆ ಒಗೆದು ಹೋಗ್ತಾಳೆ ಅಷ್ಟೆ.”

“ಹೊರಗಿನವರ ಮಾತನ್ನ ದೂರು ಅಂತ ಬರೆಯೋ ಹಾಗಿಲ್ಲ ಅಮ್ಮ,” ಎಂದಳು ಪರಿಶೀಲಕಿ. “ನಂಗೆ ಕಿವಿ ಇದೆ. ಕಾಲಂ ಇಲ್ಲ.” ಸ್ವಲ್ಪ ತಡೆದು ಮುಂದುವರಿಸಿದಳು. “ಇನ್ನೊಂದಕ್ಕೆ ಇದೆ. ವಯಸ್ಕರು ಯಾರೂ ಮುಚ್ಚಿದ ಬಾಗಿಲ ಹಿಂದೆ ಒಂದು ಮಗು ಜೊತೆ ಒಬ್ಬರೇ ಇರಬಾರದು. ಇದು ದೊಡ್ಡ ಲೋಪ.”

“ನಾನು ಒಳಗೆ ಹೋಗದೆ ಇದ್ದಿದ್ರೆ? ಇವಳೊಬ್ಬಳೇ ಇದ್ದಿದ್ರೆ?”

ಪರಿಶೀಲಕಿ ಹಾಳೆ ತಿರುವಿದಳು. ಮತ್ತೆ ತಿರುವಿದಳು. ಆಕೆಯ ಕಿವಿ ಕೆಂಪಾಯಿತು.

“ಆಗ ಈ ಲೋಪ ಆಗ್ತಿರಲಿಲ್ಲ.”

ನಾನು ತಟ್ಟೆಯನ್ನು ನೆಲಕ್ಕಿಟ್ಟೆ.

“ಇವರು ಹೊರಗಿನವರಾದ್ರೆ ನಿಮ್ಮ ಅರ್ಜಿ ಇಲ್ಲಿಗೇ ಮುಗೀತು,” ಎಂದಳು ಪರಿಶೀಲಕಿ. “ಹೊರಗಿನವರನ್ನ ಮಗು ಹತ್ರ ಬಿಟ್ಟ ಹಾಗೆ. ಸಿಬ್ಬಂದಿಯಾದ್ರೆ ಬೇರೆ. ಅವರ ಮೇಲೆ ಕ್ರಮ ತಗೊಂಡು ತೋರಿಸಿದ್ರೆ ತಪ್ಪು ಅವರದ್ದು, ಸಂಸ್ಥೆದಲ್ಲ. ಸಿಬ್ಬಂದಿಯಾದ್ರೆ ಅವರು ಕೊಟ್ಟ ದೂರನ್ನ ನಾನು ಬೇಡ ಅನ್ನೋ ಹಾಗೂ ಇಲ್ಲ.”

ಕೊನೆಯ ಮಾತನ್ನು ಹೇಳುವಾಗ ಆಕೆ ದೊಡ್ಡಣ್ಣನನ್ನು ನೋಡುತ್ತಿರಲಿಲ್ಲ. ದೊಡ್ಡಣ್ಣನೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನಿಗೆ ಬೇಕಾದದ್ದು ಅದಕ್ಕಿಂತ ಮುಂಚೆಯೇ ಸಿಕ್ಕಿತ್ತು.

“ಸಿಬ್ಬಂದಿನೇ ಮೇಡಂ.”

“ಈಗ ತಾನೆ ಹೊರಗಿನವಳು ಅಂದ್ರಿ.”

“ನಮ್ಮದು ಕುಟುಂಬ. ನಮ್ಮಲ್ಲಿ ಒಳಗು ಹೊರಗು ಅನ್ನೋ ಭೇದ ಇಲ್ಲ. ನೇಮಕಪತ್ರ ಇದೆ, ತರಿಸ್ತೀನಿ. ಕ್ರಮಾನೂ ಇವತ್ತೇ.”

ಪರಿಶೀಲಕಿಯನ್ನು ಆಫೀಸಿನಲ್ಲಿ ಕೂರಿಸಿದರು. ಹುಡುಗಿಯ ಕೈಯನ್ನು ಆಕೆ ಬಿಡಲಿಲ್ಲ. ದೊಡ್ಡಣ್ಣ ಬಟ್ಟೆಯತ್ತೆಯನ್ನು ನನ್ನ ಅಡುಗೆಮನೆಗೆ ಕರೆತಂದ. ಗುಮಾಸ್ತ ಹಿಂದೆಯೇ ಬಂದ, ಯಂತ್ರದಿಂದ ಈಗ ತಾನೆ ಇಳಿದ ಬಿಸಿಬಿಸಿ ಕಾಗದ ಎರಡು ಹಿಡಿದು.

“ತಾರೀಖು?” ದೊಡ್ಡಣ್ಣ ಪಿಸುಗುಟ್ಟಿದ.

“ತರಬೇತಿಗಿಂತ ಮುಂಚೆ ಸೇರಿರಬೇಕಲ್ಲ. ಇಲ್ಲಾಂದ್ರೆ ತರಬೇತಿ ಇಲ್ಲದವಳನ್ನ ಇಟ್ಕೊಂಡ ಹಾಗಾಗುತ್ತೆ. ಎರಡು ವರ್ಷ ಹಿಂದಕ್ಕೆ ಹಾಕಿದ್ದೀನಿ. ತರಬೇತಿ ಹಾಜರೀಲೂ ಇವಳ ಹೆಸರು ಸೇರಿಸಿಬಿಡ್ತೀನಿ.” ಗುಮಾಸ್ತನಿಗೆ ತನ್ನ ಕೆಲಸದ ಮೇಲೆ ಪ್ರೀತಿಯಿತ್ತು.

ಬಟ್ಟೆಯತ್ತೆ ನನ್ನ ಕಡೆ ನೋಡಿದಳು. “ಓದಿ ಹೇಳು.”

ಮೊದಲನೆಯದು ನೇಮಕಪತ್ರ. ಎರಡು ವರ್ಷದ ಹಿಂದಿನಿಂದ ಅವಳು ಈ ಸಂಸ್ಥೆಯ ಕಾಯಂ ಸಿಬ್ಬಂದಿ. ಎರಡನೆಯದು ವಜಾಪತ್ರ, ಇವತ್ತಿನದು. ಕಾರಣ: ಮುಚ್ಚಿದ ಕೋಣೆಯಲ್ಲಿ ಮಗುವಿನೊಂದಿಗೆ ಅನುಚಿತವಾಗಿ ಒಂಟಿಯಾಗಿದ್ದುದು. ತಪ್ಪನ್ನು ಒಪ್ಪಿಕೊಂಡಿದ್ದೇನೆ, ಸಹಿ.

“ಅನುಚಿತ ಅಂದ್ರೆ?”

ನಾನೇ ಹೇಳಬೇಕಾಯಿತು. “ಮಗು ಜೊತೆ ಮಾಡಬಾರದ್ದು ಮಾಡಿದೆ ಅಂತ.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು.

“ಬರೀ ಕಾಗದ ಕಣೇ,” ಎಂದ ದೊಡ್ಡಣ್ಣ, ದನಿಯಲ್ಲಿ ಸಕ್ಕರೆ ಸುರಿದು. “ಎರಡಕ್ಕೂ ಸಹಿ ಹಾಕು. ಆಯಮ್ಮ ಹೋಗ್ತಾಳೆ. ನಾಳೆ ಮತ್ತೆ ಬಟ್ಟೆ ಒಗಿ. ಷೆಡ್ಡೂ ನಿಂದೇ. ಸೋಪು, ಇತ್ಯಾದಿಯಲ್ಲಿ ಮತ್ತೆ ಹಾಕ್ಕೊಳ್ತೀವಿ.”

“ಹುಡುಗಿ?”

“ಹುಡುಗಿಗೇನು. ಎಲ್ಲಿದ್ಲೋ ಅಲ್ಲೇ ಇರ್ತಾಳೆ.”

ಬಟ್ಟೆಯತ್ತೆ ಕೈಯನ್ನು ಒರೆಸಿಕೊಂಡಳು. ನೇಮಕಪತ್ರ ಎಳೆದುಕೊಂಡಳು. ಪೆನ್ನು ಹಿಡಿದಾಗ ಬೆರಳಿನ ಬಿರುಕು ಬಿಟ್ಟುಕೊಂಡಿತು. ಒಂದೊಂದೇ ಅಕ್ಷರ ಕೆತ್ತಿದಳು. ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗುಮಾಸ್ತ ಎರಡನೆಯದನ್ನು ಮುಂದೆ ನೂಕಿದ. “ಇದಕ್ಕೂ.”

“ಇದಕ್ಕೆ ಹಾಕಲ್ಲ.”

“ಯಾಕೆ?”

“ನಾನು ಮಾಡಿದ್ದು ಇದಲ್ಲ.”

ಅವಳು ಬಾಗಿಲ ಕಡೆ ತಿರುಗಿದಳು. ದೊಡ್ಡಣ್ಣ ಅವಳ ಮಣಿಕಟ್ಟು ಹಿಡಿದ. ಗಟ್ಟಿಯಾಗಿ ಹಿಡಿದ. ಅವಳ ಬೆರಳಿನಿಂದ ರಕ್ತ ಅವನ ಬಿಳಿ ಅಂಗಿಯ ತೋಳಿಗೆ ಹತ್ತಿತು. ನಾನು ಒಲೆಯ ಮೇಲಿನ ಕುದಿಯುವ ಪಾತ್ರೆಗೆ ಕೈ ಹಾಕಿದೆ. ಯಾಕೆ ಹಾಕಿದೆ ಅಂತ ನನ್ನನ್ನು ಕೇಳಬೇಡಿ.

“ಬಿಡಿ,” ಎಂದಳು ಬಟ್ಟೆಯತ್ತೆ. “ಈ ಕೈ ನೋಡಿದ್ರೆ ಹೆದರಿಕೆ ಆಗುತ್ತೆ ಅಂದ್ರಲ್ಲ. ಹೆದರ್ಕೊಳ್ಳಿ.”

ಅವನು ನನ್ನ ಪಾತ್ರೆಯನ್ನು ನೋಡಿದ. ತನ್ನ ತೋಳನ್ನು ನೋಡಿದ. ಬಿಟ್ಟ.

ಆಫೀಸಿನಲ್ಲಿ ಬಟ್ಟೆಯತ್ತೆ ನೇಮಕಪತ್ರವನ್ನು ಮೇಜಿನ ಮೇಲೆ, ಹೊಸ ಕಟ್ಟಡದ ನಕ್ಷೆಯ ಮೇಲೇ ಬಿಚ್ಚಿದಳು. “ನಾನು ಸಿಬ್ಬಂದಿ. ಈಗ ಬರ್ಕೊಳ್ಳಿ.”

ಪರಿಶೀಲಕಿ ಓದಿದಳು. ತಾರೀಖಿನ ಮೇಲೆ ಬೆರಳಿಟ್ಟಳು. “ಈ ವಿಷಯ ಮುಂಚೆ ಯಾರಿಗಾದ್ರೂ ಹೇಳಿದ್ರಾ?”

“ಇವರಿಗೆ ಹೇಳಿದೆ. ಇವರ ಹೆಂಡ್ತಿಗೆ ಹೇಳಿದೆ. ಟ್ರಸ್ಟಿಗಳ ಸಭೇಲಿ ಹೇಳಿದೆ.”

“ಯಾವಾಗ?”

“ಕೊನೇ ಸಲ ಹೇಳಿದ್ದೇ ಹೋದ ಚಳಿಗಾಲದಲ್ಲಿ. ಹಾಸು ಒಣಗದೆ ಮಕ್ಕಳು ಎರಡೆರಡು ದಿನ ಒಳಗಿರ್ತಿದ್ರು.”

“ಕೇಳಿಸಿಕೊಂಡವರು ಯಾರಾದ್ರೂ ಇದ್ದಾರಾ?”

“ನಾನಿದ್ದೆ,” ಎಂದೆ. “ಮೂರು ಸಲಾನೂ. ಹೆಸರು ಬರ್ಕೊಳ್ಳಿ. ನಾನು ತರಬೇತಿ ಪಡೆದವಳು.”

ಪರಿಶೀಲಕಿ ಪಟ್ಟಿಯ ಕೊನೆಯ ಹಾಳೆಗೆ ಹೋದಳು. ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ ಅಂತ ಕಾಣುತ್ತದೆ, ಹಾಳೆಗಳು ಅಂಟಿಕೊಂಡಿದ್ದವು. “ಸಿಬ್ಬಂದಿ ಕೊಟ್ಟ ದೂರಿಗೆ ಮೂವತ್ತು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಕೊಟ್ಟಿಲ್ಲದಿದ್ರೆ ಅರ್ಜಿ ರದ್ದು. ಮೂರು ವರ್ಷ ಮತ್ತೆ ಅರ್ಜಿ ಹಾಕೋ ಹಾಗಿಲ್ಲ. ಹೊರಗಿನಿಂದ ತನಿಖೆ ಬರುತ್ತೆ.”

“ಆವಾಗ ಅವಳು ಸಿಬ್ಬಂದಿನೇ ಆಗಿರ್ಲಿಲ್ಲ,” ಎಂದ ದೊಡ್ಡಣ್ಣ.

“ಹಾಗಾದ್ರೆ ಈ ಕಾಗದ?”

ದೊಡ್ಡಣ್ಣ ಕಾಗದಕ್ಕೆ ಕೈ ಚಾಚಿದ, ಪರಿಶೀಲಕಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

“ಕಾಗದ ನಿಜವಾದ್ರೆ ನೀವು ದೂರಿಗೆ ಉತ್ತರ ಕೊಟ್ಟಿಲ್ಲ. ಸುಳ್ಳಾದ್ರೆ ಹೊರಗಿನವರನ್ನ ಮಗು ಹತ್ರ ಬಿಟ್ಟಿದ್ದೀರಿ, ಮೇಲೆ ಮಂಡಳಿಗೆ ಸುಳ್ಳು ಕಾಗದ ಕೊಟ್ಟಿದ್ದೀರಿ. ಅದಕ್ಕೆ ಪೊಲೀಸರು ಬರ್ತಾರೆ. ಯಾವುದು ಬರೀಲಿ?”

ದೊಡ್ಡಣ್ಣ ಗುಮಾಸ್ತನನ್ನು ನೋಡಿದ. ಗುಮಾಸ್ತ ಫ್ಯಾನು ನೋಡಿದ. ಫ್ಯಾನು ಯಾರನ್ನೂ ನೋಡದೆ ತಿರುಗುತ್ತಿತ್ತು.

“ನಿಜ,” ಎಂದ ದೊಡ್ಡಣ್ಣ. ಆ ಪದ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ಸುಳ್ಳು.

ಪರಿಶೀಲಕಿ ಬರೆದಳು. ದೂರಿನಲ್ಲಿರುವ ಕೋಣೆಯನ್ನು ತನಿಖೆ ಮುಗಿಯುವವರೆಗೆ ಯಾರೂ ತೆರೆಯಬಾರದು ಎಂಬುದೂ ನಿಯಮವಂತೆ. ಆಕೆ ಚೀಲದಿಂದ ಮಂಡಳಿಯ ಕಾಗದದ ಅಂಟುಪಟ್ಟಿ ತೆಗೆದು ಚಿಟ್ಟೆಯ ಮೇಲೆ ಅಡ್ಡಡ್ಡ ಅಂಟಿಸಿ, ಮೊಹರು ಒತ್ತಿ ಬಂದಳು. ಬಂದು ಮತ್ತೆ ಬರೆಯಲು ಕೂತಳು.

ಗುಂಡುಸೂಜಿ ಮೇಜಿನ ಅಂಚಿಗೆ ಗಲ್ಲ ಊರಿ ಪೆನ್ನನ್ನೇ ನೋಡುತ್ತಿದ್ದಳು.

“ನನ್ನನ್ನ ಒಳಗೆ ಹಾಕ್ತಿದ್ದಿದ್ದಕ್ಕೆ ಫೇಲಾ ಇವರು?”

ಪರಿಶೀಲಕಿ ತಲೆಯೆತ್ತಲಿಲ್ಲ. “ಇಲ್ಲ ಪುಟ್ಟಾ. ಉತ್ತರ ಕೊಡೋದು ತಡ ಆಯ್ತು, ಅದಕ್ಕೆ.”

“ಅಷ್ಟಕ್ಕೇನಾ?”

“ಅಷ್ಟಕ್ಕೇ,” ಎಂದು ಆಕೆ ಸಹಿ ಹಾಕಿದಳು. ಇವತ್ತಿನದೇ ತಾರೀಖು.